ನಿಂತು ಕೇಳಿದ ಪ್ರಶ್ನೆ

ಈಗಲೇ ಕೈ ತಿರುವಿಬಿಡಲೇ, ಇಲ್ಲ ಇನ್ನೊಂದಿಷ್ಟು ಹೊತ್ತು ನೋಡಲೇ? ತರಗತಿಯ ಹಿಂದಿನ ಗೋಡೆಗೆ ಒರಗಿ ಕೂತಿದ್ದ ಧರಣೇಂದ್ರ ಮೇಷ್ಟ್ರ ಮನಸ್ಸು ಇದೊಂದನ್ನೇ ಜಗಿಯುತ್ತಿತ್ತು. ಮನಸ್ಸಿನೊಳಗೆ ತನ್ನನ್ನು ತಾನೇ ಕೇಳಿಕೊಂಡ ಪ್ರಶ್ನೆಗೆ ಕಾಲು ಹಿಡಿಯುವುದಿಲ್ಲ. ನಮ್ಮೂರಿನವರಿಗೆ ಅಷ್ಟೊಂದು ವಿನಾಯಿತಿ ಇದೆ. ಆದರೆ ಕರಿಹಲಗೆಯ ಮುಂದಿದ್ದ ನೀಲಾಂಬಿಕೆ ಬಾಯಿಬಿಟ್ಟೇ ಕೇಳಿದ್ದಳು, ಅದೂ ನಿಂತುಕೊಂಡು. ಅವಳ ಕಾಲು ಹಿಡಿದು ಬಹಳ ಹೊತ್ತಾಗಿತ್ತು. ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು, ಒಂದು ಮಂಡಿಯನ್ನು ಚೂರು ಬಗ್ಗಿಸಿದಳು, ಮತ್ತೆ ನೆಟ್ಟಗಾದಳು. ಈ ಹುಡುಗಿ ಬಿದ್ದುಬಿಟ್ಟರೆ? ಎಂದುಕೊಂಡರು ಮೇಷ್ಟ್ರು. ಆ ಮಗುವಿಗೆ ಉತ್ತರವೇ ಇಲ್ಲದಿದ್ದರೆ?

ಆ ಮಗು ನಾನು. ಐದನೆಯ ಕ್ಲಾಸಿನ ಮುಬೀನಾ, ಕಿಟಕಿ ಪಕ್ಕದ ಬೆಂಚು. ಮೇಷ್ಟ್ರ ಮನಸ್ಸಿನಲ್ಲಿ ಆಗ ಏನು ಓಡುತ್ತಿತ್ತೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಅವರ ಬಾಯಿಂದಲೇ.

ನಮ್ಮೂರಿನಲ್ಲಿ ಪ್ರಶ್ನೆ ಕೇಳಿದವರು ಉತ್ತರ ಬರುವ ತನಕ ಇದ್ದ ಜಾಗದಿಂದ ಕದಲುವಂತಿಲ್ಲ. ಅಂಗಾಲು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಅದನ್ನೇ ಕಾಲು ಹಿಡಿಯಿತು ಎನ್ನುತ್ತೇವೆ. ಹೊರಗಿನಿಂದ ಬಂದವರಿಗೆ ಮೊದಲ ದಿನ ಸಿಟ್ಟು ಬರುತ್ತದೆ, ಎರಡನೆಯ ದಿನ ನಗು ಬರುತ್ತದೆ, ಆಮೇಲೆ ಅವರೂ ನಮ್ಮ ಹಾಗೆ ಮಾತಾಡತೊಡಗುತ್ತಾರೆ. ಬಸ್ಸಿನ ಕಂಡಕ್ಟರು ‘ಇಳಿಯೋ ಜಾಗ ಹೇಳ್ಕೊಂಡು ಹತ್ರಪ್ಪ’ ಎಂದು ಕೂಗುತ್ತಾನೆ. ತರಕಾರಿಯವಳು ಗಿರಾಕಿ ಬಾಯಿ ತೆರೆಯುವ ಮೊದಲೇ ಬದನೆಯ ಬೆಲೆ, ಬೆಂಡೆಯ ಬೆಲೆ, ತನ್ನ ಮಗಳ ಮದುವೆಯ ಸುದ್ದಿ ಎಲ್ಲವನ್ನೂ ಒಪ್ಪಿಸಿಬಿಡುತ್ತಾಳೆ. ಮನೆಗೆ ನೆಂಟರು ಬಂದರೆ ‘ಕಾಫಿ ಕುಡಿಯೋ ಮುಖ ಕಾಣ್ತಿದೆ’ ಅನ್ನುತ್ತೇವೆ. ಡಾಕ್ಟರು ಕುರ್ಚಿ ಬಿಟ್ಟೇಳದೆ ಕೇಳುತ್ತಾರೆ. ನಿಂತೇ ವಾದ ಮಾಡಬೇಕಾದ ವಕೀಲರು ಒಳ್ಳೆಯ ಚಪ್ಪಲಿ ಹಾಕಿಕೊಂಡು ಬರುತ್ತಾರೆ. ಬಸ್ ನಿಲ್ದಾಣದ ಗೋಡೆಯ ಮೇಲೆ ‘ಹೊರಟವರನ್ನು ಪ್ರಶ್ನೆ ಕೇಳಬಾರದು’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದಾರೆ.

‘ಗೊತ್ತಿಲ್ಲ’ ಎಂದರೂ ಅದು ಉತ್ತರವೇ. ಆ ಮಾತು ಕಿವಿಗೆ ಬಿದ್ದ ಕ್ಷಣ ಕಾಲು ಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಅದು ಅಜ್ಞಾನದ ಮಾತಲ್ಲ, ದಯೆಯ ಮಾತು. ‘ಅಮ್ಮ’, ‘ಅಪ್ಪ’ ಎಂಬ ಮಾತುಗಳಾದ ಮೇಲೆ ಮಕ್ಕಳಿಗೆ ಕಲಿಸುವುದು ಅದನ್ನೇ. ಮಗು ಉತ್ತರಕ್ಕೆ ತಡವರಿಸಿದರೆ ಪಕ್ಕದಲ್ಲಿದ್ದ ದೊಡ್ಡವರು ಅಂಗೈಯನ್ನು ಮೇಲೆ ಮಾಡಿ ಒಮ್ಮೆ ತಿರುವುತ್ತಾರೆ. ‘ಗೊತ್ತಿಲ್ಲ ಅಂದುಬಿಡು, ಪಾಪ, ಅವರ ಕಾಲು ನೋಯುತ್ತೆ’ ಎಂದು ಅದರ ಅರ್ಥ. ಕೇಳಿದವರೇ ಸೋತು ‘ಹೋಗಲಿ ಬಿಡು’ ಎಂದರೂ ಬಿಡುಗಡೆ ಉಂಟು. ಹೇಗೆ ಮುಗಿದರೂ ಒಂದು ಪ್ರಶ್ನೆ ಒಬ್ಬರಿಗೆ ಒಂದೇ ಸಲ. ಕೇಳಿದವರೇ ಅದೇ ಪ್ರಶ್ನೆಯನ್ನು ಅವರಿಗೇ ಮತ್ತೆ ಕೇಳಹೊರಟರೆ ನಾಲಿಗೆ ಏಳುವುದಿಲ್ಲ, ಬೇರೆಯವರು ಬೇಕಾದರೆ ಕೇಳಬಹುದು.

ಇಂಥ ಊರಿನಲ್ಲಿ ಒಂದು ಶಿಕ್ಷಕರ ತರಬೇತಿ ಕಾಲೇಜು ಇತ್ತು. ಅದರ ಹಿಂದುಗಡೆಯೇ ನಾವು ಓದುತ್ತಿದ್ದ ಶಾಲೆ. ತರಬೇತಿಗೆ ಬಂದವರು ನಮ್ಮ ಮೇಲೆ ಪಾಠ ಮಾಡಿ ಕಲಿಯುತ್ತಿದ್ದರು. ‘ಕಟಿಂಗ್ ಕಲಿಯೋ ಹುಡುಗರಿಗೆ ಕೊಟ್ಟ ತಲೆ ಕಣೆ ನಿಮ್ದು’ ಎನ್ನುತ್ತಿದ್ದಳು ನಮ್ಮ ನಾನಿ, ಅಮ್ಮನ ತಾಯಿ. ಧರಣೇಂದ್ರ ಮೇಷ್ಟ್ರು ಆ ಕಾಲೇಜಿನಲ್ಲಿ ಕನ್ನಡ ಹೇಗೆ ಕಲಿಸಬೇಕೆಂಬುದನ್ನು ಕಲಿಸುತ್ತಿದ್ದರು. ಅವರ ಹೆಸರು ಸುತ್ತ ಹಬ್ಬಿದ್ದು ಅವರ ಅರೆವಾಕ್ಯಗಳಿಂದ. ಪ್ರಶ್ನೆ ಎಂಬುದನ್ನೇ ಕೇಳದೆ ಇಡೀ ಪಾಠ ಮುಗಿಸುವ ವಿದ್ಯೆ ಅದು. ವಾಕ್ಯವನ್ನು ಅರ್ಧಕ್ಕೆ ಎಳೆದು, ಕೊನೆಯ ಪದದ ಹತ್ತಿರ ಸ್ವರ ಮೇಲೆತ್ತಿ ನಿಲ್ಲಿಸಬೇಕು. ‘ಅಂಬಿಗನು ದೀಪವನ್ನು ಇಡುತ್ತಿದ್ದುದು ಹೊಳೆಯ...’ ಎಂದರೆ ಮಕ್ಕಳು ‘ದಡದಲ್ಲಿ!’ ಎಂದು ಚೀರುತ್ತಿದ್ದರು. ‘ಆ ದೀಪದ ಎಣ್ಣೆ...’ ‘ಹೊಂಗೇದು!’ ಹೀಗೆ ಮೇಷ್ಟ್ರು ಬೆಂಚುಗಳ ನಡುವೆ ಆರಾಮಾಗಿ ಅಡ್ಡಾಡಿಕೊಂಡು ಪಾಠ ಮಾಡುತ್ತಿದ್ದರು. ಅವರ ಕೈಕೆಳಗೆ ಕಲಿತವರು ಯಾವ ಶಾಲೆಗೆ ಹೋದರೂ ಕಾಲು ನೋಯಿಸಿಕೊಳ್ಳಲಿಲ್ಲ. ಅವರ ಕ್ಲಾಸಿನ ಮಕ್ಕಳು ಪಾಸಾದರು. ಯಾರೂ ಏನನ್ನೂ ಯೋಚಿಸಬೇಕಾಗಿರಲಿಲ್ಲ.

ನೀಲಾಂಬಿಕೆ ತರಬೇತಿಗೆ ಬಂದ ವರ್ಷ ರಾಜಧಾನಿಯಿಂದ ಒಂದು ಸುತ್ತೋಲೆ ಬಂತು. ಭಾಷಾ ಪಾಠವೆಂದರೆ ಪದದ ಅರ್ಥ, ಸಾರಾಂಶ ಇಷ್ಟೇ ಆಗಬಾರದು. ಮಗು ಹೋಲಿಸಬೇಕು, ಕಾರಣ ಹುಡುಕಬೇಕು, ತನ್ನದೇ ತೀರ್ಮಾನಕ್ಕೆ ಬರಬೇಕು. ಪುಸ್ತಕದಲ್ಲಿ ಉತ್ತರವಿಲ್ಲದ ಪ್ರಶ್ನೆಯೊಂದನ್ನಾದರೂ ಪ್ರತಿ ಪಾಠದಲ್ಲೂ ಕೇಳುವಂತೆ ಭಾವೀ ಶಿಕ್ಷಕರನ್ನು ತಯಾರು ಮಾಡಬೇಕು. ಬರೆದವರು ನಮ್ಮೂರನ್ನು ನೋಡಿದವರಲ್ಲ. ಪ್ರಿನ್ಸಿಪಾಲ್ ವೀರಭದ್ರಪ್ಪನವರು ಅದನ್ನು ಓದಿ, ಮಡಿಚಿ, ಧರಣೇಂದ್ರ ಮೇಷ್ಟ್ರ ಮೇಜಿನ ಮೇಲಿಟ್ಟರು. ‘ಮೇಷ್ಟ್ರೇ, ಇದನ್ನ ಹುಡುಗ್ರಿಗೆ ಓದಿ ಹೇಳಿ. ಪಾಠ ಯೋಜನೇಲಿ ಒಂದು ಸಾಲು ಬರ್ಕೊಳ್ಳಲಿ. ಕೂತ್ಕೊಂಡು ಕೇಳಲಿ. ಮಗು ಗೊತ್ತಿಲ್ಲ ಅಂತದೆ. ಸರ್ಕಾರದ ಮಾತೂ ನಡೀತು, ನಮ್ಮ ಕಾಲೂ ಉಳೀತು.’

ಮೇಷ್ಟ್ರು ಓದಿ ಹೇಳಿದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಓದುತ್ತ ಓದುತ್ತ ಅವರಿಗೆ ಏನೋ ಆಯಿತು. ಕಾಗದ ಕೆಳಗಿಟ್ಟು, ಕನ್ನಡಕ ತೆಗೆದು, ‘ಇದರಲ್ಲಿ ಬರೆದಿರೋದು ಸುಳ್ಳಲ್ಲ’ ಎಂದರು. ‘ಯೋಚನೆಗೆ ಹೊತ್ತು ಬೇಕು. ಅಷ್ಟು ಹೊತ್ತು ನಿಲ್ಲೋ ಜನ ಬೇಕು. ಅಂಥೋರು ನಮ್ಮಲ್ಲಿಲ್ಲ, ಅಷ್ಟೇ.’

ಹಿಂದಿನ ಸಾಲಿನಿಂದ ನೀಲಾಂಬಿಕೆ ಎದ್ದು ನಿಂತಳು. ಅವಳ ಅಪ್ಪ ಪೇಟೆಯ ಕೊನೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ಆ ಸದ್ದಿನಲ್ಲಿ ಬೆಳೆದವಳಾದ್ದರಿಂದ ಅವಳ ದನಿ ಯಾವಾಗಲೂ ಒಂದು ಮೆಟ್ಟಿಲು ಮೇಲೆ. ‘ನಾನು ನಿಲ್ತೀನಿ ಸಾರ್. ಕಾಲು ನೋಯುತ್ತೆ, ಅಷ್ಟೇ. ನಮ್ಮಪ್ಪ ದಿನಾ ನಿಂತೇ ಇರ್ತಾರೆ, ಯಾರನ್ನೂ ಏನೂ ಕೇಳದೆ.’

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಸಂಜೆ ಅವಳನ್ನು ಕರೆದು, ಯಾವ ಪಾಠ, ಯಾವ ಪ್ರಶ್ನೆ ಎಂದು ಇಬ್ಬರೂ ಕೂತು ಯೋಚಿಸಿದರು. ಮರುದಿನವೂ ಕೂತರು. ಅಂಬಿಗನ ಪಾಠ ಆಯ್ದುಕೊಂಡರು. ಹೊಳೆಯ ಆಚೆ ದಡದಲ್ಲಿ ದಿನಾ ಸಂಜೆ ದೀಪ ಹಚ್ಚಿಡುತ್ತಿದ್ದ ಅಂಬಿಗ, ಸೇತುವೆ ಕಟ್ಟಿದ ಮೇಲೆ ಯಾರೂ ದೋಣಿ ಹತ್ತದಿದ್ದರೂ, ಸಾಯುವ ತನಕ ಹಚ್ಚುತ್ತಲೇ ಇದ್ದ ಎಂಬಲ್ಲಿಗೆ ನಮ್ಮ ಪುಸ್ತಕದ ಪಾಠ ಮುಗಿಯುತ್ತಿತ್ತು. ಯಾಕೆ ಎಂದು ಪಾಠ ಹೇಳುತ್ತಿರಲಿಲ್ಲ. ಅಷ್ಟು ವರ್ಷ ಆ ಪಾಠ ಮಾಡಿದ ಮೇಷ್ಟ್ರಿಗೂ ಆ ಖಾಲಿ ಜಾಗ ಕಂಡಿರಲಿಲ್ಲ. ನೀಲಾಂಬಿಕೆಗೆ ಕಂಡಿತ್ತು. ಆ ಸಂಜೆ ಮನೆಗೆ ಹೋಗುವಾಗ ತಮಗೆ ಹೊಸ ಚಪ್ಪಲಿ ಮೆಟ್ಟಿದ ಹಾಗಿತ್ತು ಎಂದು ಅವರು ನನ್ನ ಹತ್ತಿರ ಹೇಳಿದ್ದುಂಟು.

‘ಪಕ್ಕದಲ್ಲಿ ಯಾರಾದ್ರೂ ಕೈ ತಿರುವಿದ್ರೆ ಮಗು ಗೊತ್ತಿಲ್ಲ ಅಂದ್ಬಿಡತ್ತೆ ಸಾರ್. ನನಗೆ ಅದೊಂದೇ ಭಯ’ ಎಂದಳಂತೆ ನೀಲಾಂಬಿಕೆ.

‘ನಾನು ಹಿಂದೆ ಕೂತಿರ್ತೀನಿ. ಒಬ್ಬರೂ ಕೈ ತಿರುವದ ಹಾಗೆ ನೋಡ್ಕೊಳ್ಳೋದು ನನಗೆ ಬಿಡು. ನೀನು ನಿಲ್ಲೋದೊಂದು ಮಾಡು.’

ಪ್ರಿನ್ಸಿಪಾಲರು ಒಪ್ಪಿದರು, ತಮ್ಮದೇ ಒಂದು ಷರತ್ತು ಹಾಕಿ. ‘ವರ್ಷದ ಕೊನೆಯ ಪಾಠ, ಮಾರ್ಕ್ಸ್ ಬೀಳೋ ಪಾಠ. ಅದರಲ್ಲೇ ಮಾಡಲಿ. ಮಗು ಯೋಚಿಸಿ ಒಂದು ಮಾತು ಹೇಳ್ತು ಅಂದ್ರೆ ಇವಳು ಪಾಸು. ಬರೋ ವರ್ಷದಿಂದ ಎಲ್ಲರಿಗೂ ನಿಂತು ಕೇಳೋದನ್ನೇ ಕಲಿಸೋಣ, ನಾನೇ ಮೊದಲು ನಿಲ್ತೀನಿ. ಗೊತ್ತಿಲ್ಲ ಅಂತು ಅಂದ್ರೆ ಇವಳು ಫೇಲು, ನಿಮ್ಮ ಅರೆವಾಕ್ಯ ಇದ್ದೇ ಇದೆ. ನ್ಯಾಯ ಅಂದ್ರೆ ಹಿಂಗಿರಬೇಕು.’ ಅವರು ಕೆಟ್ಟವರೇನಲ್ಲ. ಮಧುಮೇಹದ ಕಾಲು ಅವರದು. ನಿಲ್ಲುವುದೆಂದರೆ ಏನೆಂದು ಉಳಿದವರಿಗಿಂತ ಚೆನ್ನಾಗಿ ಬಲ್ಲವರು.

ಆ ದಿನ ನೀಲಕ್ಕ, ನಾವು ಮಕ್ಕಳು ಅವಳನ್ನು ಹಾಗೇ ಕರೆಯುತ್ತಿದ್ದುದು, ಪಾಠವನ್ನು ನಿಧಾನವಾಗಿ ಓದಿದಳು. ಓದಿ ಮುಗಿಸಿ ಪುಸ್ತಕ ಮುಚ್ಚಿದಳು. ಮೂಲೆಯಲ್ಲಿದ್ದ ಕುರ್ಚಿಯನ್ನು ತಾನೇ ಎತ್ತಿ ಬಾಗಿಲಾಚೆ ಇಟ್ಟು ಬಂದಳು. ಕೂತು ಕೇಳುವವಳಲ್ಲ ಎಂದು ನಮಗೆಲ್ಲ ಗೊತ್ತಾಯಿತು. ಕರಿಹಲಗೆಯ ಮುಂದೆ ನಿಂತು ಒಬ್ಬೊಬ್ಬರ ಮುಖ ನೋಡುತ್ತ ಬಂದಳು. ಮುಂದಿನ ಬೆಂಚಿನ ಜಾಣರೆಲ್ಲ ‘ಗೊತ್ತಿಲ್ಲ’ವನ್ನು ನಾಲಿಗೆ ತುದಿಯಲ್ಲಿಟ್ಟುಕೊಂಡು ಸಿದ್ಧವಾಗಿದ್ದರು. ನಾನೊಬ್ಬಳು ಕಿಟಕಿಯಾಚೆ ನೋಡುತ್ತಿದ್ದೆ.

‘ಮುಬೀನಾ, ನಿನ್ನನ್ನ ಕೇಳ್ತೀನಿ. ಗೊತ್ತಿಲ್ಲ ಅನ್ಬೇಡ. ನನ್ನ ಕಾಲಿನ ಚಿಂತೆ ನಿನಗೆ ಬೇಡ. ಎಷ್ಟೊತ್ತಾದ್ರೂ ನಾನು ಇಲ್ಲೇ ಇರ್ತೀನಿ.’ ಹೀಗಂದು, ಉಸಿರು ತೆಗೆದುಕೊಂಡು, ಕೇಳಿದಳು. ‘ಸೇತುವೆ ಬಂದ ಮೇಲೂ ಅಂಬಿಗ ದೀಪ ಯಾಕೆ ಹಚ್ತಿದ್ದ?’

ಅವಳ ಕಾಲು ನೆಲಕ್ಕೆ ಕಚ್ಚಿದ್ದು ನನಗೆ ಕಂಡಿತು. ಬೆರಳುಗಳು ಸ್ವಲ್ಪ ಅಗಲವಾದವು.

ಮೊದಮೊದಲು ನನ್ನೊಳಗೆ ಇದ್ದದ್ದು ಬರೀ ಗಾಬರಿ. ನನ್ನ ಹಾಗೆ ಯಾರನ್ನಾದರೂ ಕಾಯಿಸಿದ ಮಗುವನ್ನು ಊರಿನಲ್ಲಿ ‘ಕಲ್ಲುಮನಸ್ಸಿನದು’ ಎನ್ನುತ್ತಿದ್ದರು. ಪಕ್ಕದಲ್ಲಿದ್ದ ಸರಸಿ ಮೆಲ್ಲಗೆ ‘ಅಂದುಬಿಡೇ ಲೇ’ ಎಂದು ತಿವಿದಳು. ಹಿಂದಿನಿಂದ ಧರಣೇಂದ್ರ ಮೇಷ್ಟ್ರು ‘ಶ್’ ಎಂದರು. ಆಮೇಲೆ ಯಾರೂ ಉಸಿರೆತ್ತಲಿಲ್ಲ. ಅಷ್ಟು ದೊಡ್ಡ ಮೌನವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮೊದಲು ಅದು ನನ್ನ ಮೇಲೆ ಭಾರವಾಗಿ ಕೂತಿತ್ತು, ಹೋಗುತ್ತ ಹೋಗುತ್ತ ನಾನೇ ಅದರ ಮೇಲೆ ಕೂತ ಹಾಗಾಯಿತು. ಹೊಳೆ ಕಾಣಿಸಿತು. ಸೇತುವೆಯ ಮೇಲೆ ಗಾಡಿಗಳು ಹೋಗುವುದು ಕೇಳಿಸಿತು. ಅಂಬಿಗ ಬತ್ತಿ ಹೊಸೆಯುವಾಗ ಅವನ ಕೈ ನಮ್ಮ ನಾನಿಯ ಕೈಯ ಹಾಗಿತ್ತು. ನಾನಿಯದೊಂದು ಬಳೆ ಅಂಗಡಿ. ಗಿರಾಕಿಗಳು ಬರುವುದು ನಿಂತು ಎಷ್ಟೋ ವರ್ಷವಾಗಿದ್ದರೂ ದಿನಾ ಬೆಳಿಗ್ಗೆ ಹೋಗಿ ಬಾಗಿಲು ತೆಗೆದು, ಬಳೆಯ ಧೂಳು ಹೊಡೆದು ಬರುತ್ತಿದ್ದಳು. ಇದಕ್ಕೂ ಅದಕ್ಕೂ ಏನೋ ಇದೆ ಅನಿಸಿತು. ಆ ಏನೋ ಎಂಬುದು ಮೀನಿನ ಹಾಗೆ ಒಮ್ಮೆ ಮೇಲೆ ಬರುವುದು, ಮತ್ತೆ ಮುಳುಗುವುದು.

ಊಟದ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಬಾಗಿಲಿಗೆ ಪ್ರಿನ್ಸಿಪಾಲರು ಬಂದರು, ಅವರ ಬೆನ್ನಿಗೆ, ಮುಂದಿನ ಪಾಠಕ್ಕೆ ಕಾಯುತ್ತಿದ್ದ ತರಬೇತಿಯವರು. ‘ಬೇರು ಬಿಡೋ ಹಂಗಿದೀಯ ತಾಯಿ. ಜವಾನನಿಗೆ ಹೇಳಿ ಒಂದು ಕೊಡ ನೀರು ಹಾಕಿಸ್ತೀನಿ’ ಎಂದರು. ಹೊರಗೆ ನಗು ಎದ್ದಿತು. ನೀಲಕ್ಕನೂ ನಕ್ಕಳು. ನಕ್ಕಾಗ ಅವಳ ಮಂಡಿ ನಡುಗಿತು. ಗೋಡೆ ಹಿಡಿಯಲು ಕೈ ಚಾಚಿದಳು, ಎಟುಕಲಿಲ್ಲ. ನೆಟ್ಟಗಾಗಿ ನನ್ನ ಕಡೆ ನೋಡಿ ತಲೆಯಾಡಿಸಿದಳು, ಅವಸರವಿಲ್ಲ ಎನ್ನುವ ಹಾಗೆ.

ಪ್ರಿನ್ಸಿಪಾಲರು ಒಳಗೆ ಬಂದು ಧರಣೇಂದ್ರ ಮೇಷ್ಟ್ರ ಪಕ್ಕದಲ್ಲಿ ಬಗ್ಗಿದರು. ‘ಮೇಷ್ಟ್ರೇ, ಆ ಹುಡುಗಿ ಬಣ್ಣ ನೋಡಿ. ಬೆಳ್ಳಗಾಗ್ತಿದೆ. ನಿಮ್ಮ ಕೈ ನಿಮ್ಮ ಹತ್ರಾನೇ ಇದೆ. ನಾನಂತೂ ಏನೂ ಹೇಳಲ್ಲ.’

ಆ ಕ್ಷಣಕ್ಕೆ ನನಗೆ ಮೀನು ಸಿಕ್ಕಿತ್ತು. ಅದನ್ನು ಇಂದಿಗೂ ಆಣೆ ಮಾಡಿ ಹೇಳಬಲ್ಲೆ. ಮೊದಲ ಪದ ಯಾವುದಿರಬೇಕೆಂದು ಹುಡುಕುತ್ತ ಬಾಯಿ ತೆರೆದೆ. ನಾವು ಮಕ್ಕಳು ದೊಡ್ಡ ಮಾತು ಆಡುವ ಮೊದಲು ಮೇಷ್ಟ್ರ ಮುಖ ನೋಡುತ್ತೇವೆ, ಅದು ಅಭ್ಯಾಸ. ನಾನೂ ಹಿಂದೆ ತಿರುಗಿ ಧರಣೇಂದ್ರ ಮೇಷ್ಟ್ರನ್ನು ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ನೀಲಕ್ಕನ ಕಾಲಿನ ಮೇಲಿತ್ತು. ತೊಡೆಯ ಮೇಲಿದ್ದ ಅವರ ಕೈ ಮೇಲೆದ್ದಿತು. ಅಂಗೈ ಮೇಲಾಗಿ, ಒಮ್ಮೆ, ತಿರುಗಿತು.

‘ಗೊತ್ತಿಲ್ಲ’ ಎಂದೆ.

ನೀಲಕ್ಕನ ಕಾಲು ಬಿಟ್ಟಿತು. ಅಷ್ಟು ಹೊತ್ತು ನಿಂತವಳು ಬಿಟ್ಟ ಕೂಡಲೇ ಕುಕ್ಕರಿಸಿದಳು. ಯಾರೋ ನೀರು ತಂದರು. ಅವಳು ನನ್ನನ್ನು ನೋಡಲಿಲ್ಲ. ನನ್ನ ಮುಖ ಹಿಂದಕ್ಕೆ ತಿರುಗಿದ್ದನ್ನು ನೋಡಿದ್ದಳಲ್ಲ, ಅದೇ ದಿಕ್ಕಿಗೆ ನೋಡಿದಳು. ಮೇಷ್ಟ್ರ ಕೈ ಇನ್ನೂ ಗಾಳಿಯಲ್ಲೇ ಇತ್ತು.

ಬೆಂಚುಗಳು ಖಾಲಿಯಾದವು. ನಾನು ಊಟದ ತಟ್ಟೆ ಹಿಡಿದುಕೊಂಡು ವರಾಂಡದ ಕಂಬದ ಹಿಂದೆ ನಿಂತಿದ್ದೆ. ನನಗೆ ಬೈಯುತ್ತಾರೆಂದು ಕಾಯುತ್ತಿದ್ದೆ, ಬೈದಿದ್ದರೆ ಸರಿಹೋಗುತ್ತಿತ್ತೇನೋ. ಧರಣೇಂದ್ರ ಮೇಷ್ಟ್ರು ಹೊರಗೆ ಬಂದರು. ನೀಲಕ್ಕ ಕುಂಟುತ್ತ ಅವರ ಹಿಂದೆ ಬಂದಳು. ನೀರಿನ ಡ್ರಮ್ಮಿನ ಹತ್ತಿರ ಅವರನ್ನು ದಾಟಿ ಎದುರಿಗೆ ನಿಂತಳು. ಬೇಕೆಂದೇ ಎರಡೂ ಕಾಲನ್ನು ಸಮನಾಗಿ ಊರಿಕೊಂಡಳು.

‘ಯಾಕೆ ಕೈ ತಿರುವಿದಿರಿ ಸಾರ್?’

ಮತ್ತೆ ಕಾಲು ಹಿಡಿಯಿತು. ಮೇಷ್ಟ್ರು ಅವಳ ಪಾದ ನೋಡಿದರು. ಡ್ರಮ್ಮಿನ ನಲ್ಲಿಯಿಂದ ನೀರು ಒಂದೊಂದೇ ಹನಿ ಬೀಳುತ್ತಿತ್ತು. ಅವಳು ಬೇಡುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ಸುಮ್ಮನೆ ನಿಂತಿದ್ದಳು, ಎಷ್ಟು ಹೊತ್ತಾದರೂ ನಿಲ್ಲಲು ತಯಾರಾಗಿ. ಒಂದು ಮಗುವಿಗೆ ಹೇಗೆ ಕಾಯಬೇಕೆಂದು ಅವರಿಬ್ಬರೂ ಕೂತು ಯೋಚಿಸಿದ್ದರೋ ಹಾಗೆ ಅವರಿಗಾಗಿ ಕಾಯುತ್ತಿದ್ದಳು.

‘ಗೊತ್ತಿಲ್ಲಮ್ಮ’ ಎಂದರು ಮೇಷ್ಟ್ರು.

ಅವಳ ಕಾಲು ಬಿಟ್ಟಿತು. ಸ್ವಲ್ಪ ಹೊತ್ತು ಅಲ್ಲೇ ಇದ್ದಳು, ಬಿಟ್ಟದ್ದು ತಿಳಿಯದ ಹಾಗೆ. ಆಮೇಲೆ ಹೋದಳು.

ಮರುವರ್ಷ ಆ ಪಾಠವನ್ನು ಮತ್ತೆ ಮಾಡಲು ಅವಕಾಶವಿತ್ತು. ಅವಳು ಬರಲಿಲ್ಲ. ಅಪ್ಪನ ಗಿರಣಿಯಲ್ಲಿ ನಿಂತಳು. ಸುತ್ತೋಲೆ ಪ್ರಿನ್ಸಿಪಾಲರ ಬೀರು ಸೇರಿತು. ಆಮೇಲೆ ಎಷ್ಟೋ ವರ್ಷ ನಮ್ಮೂರಿನ ಶಾಲೆಗಳಲ್ಲಿ ‘ಹೊಳೆಯ...’ ‘ದಡದಲ್ಲಿ!’ ಕೇಳುತ್ತಲೇ ಇತ್ತು. ನಾನೂ ಬೆಳೆದು ಪದವಿ ಮುಗಿಸಿ, ಅದೇ ಕಾಲೇಜಿನಲ್ಲಿ ತರಬೇತಿ ಪಡೆದು, ಅಲ್ಲೇ ಪಾಠ ಹೇಳಲು ಸೇರಿಕೊಂಡೆ. ಧರಣೇಂದ್ರ ಮೇಷ್ಟ್ರು ನಿವೃತ್ತರಾಗುವ ಹೊತ್ತಿಗೆ ಅವರ ಅರೆವಾಕ್ಯಗಳನ್ನು ಅವರಷ್ಟೇ ಚೆನ್ನಾಗಿ ಎಳೆಯುವವಳು ನಾನಾಗಿದ್ದೆ. ‘ಮುಬೀನಾ ಮೇಡಂ ಪಾಠ ಅಂದ್ರೆ ಹಾಡು’ ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಹಳೆಯ ಮೌನದ ನೆನಪಾಗುತ್ತಿತ್ತು. ಅಂದು ನನ್ನ ಬಾಯಿಗೆ ಬಂದಿದ್ದ ಉತ್ತರ ಮಾತ್ರ ನೆನಪಾಗುತ್ತಿರಲಿಲ್ಲ. ನಾನಿಗೂ ದೀಪಕ್ಕೂ ಏನೋ ಇತ್ತು ಎಂಬಷ್ಟೇ ಉಳಿದಿತ್ತು. ಈಗ ಕೂತು ಯೋಚಿಸಿ ಬೇಕಾದಷ್ಟು ಉತ್ತರ ಹುಟ್ಟಿಸಬಲ್ಲೆ, ಓದಿದವಳು ನಾನು. ಅದು ಮಾತ್ರ ಬರುವುದಿಲ್ಲ.

ಒಂದು ಭಾನುವಾರ ಅವರ ಮನೆಗೆ ಹೋದೆ. ಮೇಷ್ಟ್ರು ಅಂಗಳದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಅವರ ಹೆಂಡತಿ ಮಾಲಿನಮ್ಮ ಒಳಗಿನಿಂದಲೇ ‘ಕೂತ್ಕೊಳ್ಳೋಕೆ ಕಲ್ಲುಬೆಂಚಿದೆ, ಸಾರಿಗೆ ಸೊಗಡಿನ ಅವರೆ ಇದೆ, ಊಟ ಮಾಡ್ಕೊಂಡೇ ಹೋಗೋದು’ ಎಂದರು. ನಾನು ಕೂರಲಿಲ್ಲ. ಚಪ್ಪಲಿ ಬಿಟ್ಟು, ಅಂಗಳದ ನಡುವೆ ನಿಂತು, ‘ಅವತ್ತು ಯಾಕೆ ಕೈ ತಿರುವಿದಿರಿ ಸಾರ್?’ ಎಂದೆ.

ಮೇಷ್ಟ್ರ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ಮಾಲಿನಮ್ಮ ಹೊರಗೆ ಬಂದು ನನ್ನ ಕಾಲು ನೋಡಿ, ‘ಅಯ್ಯೋ, ಬಿಸಿಲಲ್ಲಿ ಕೇಳ್ಬಿಟ್ಲಲ್ಲ ಹುಡುಗಿ’ ಎಂದು ಒಂದು ಸ್ಟೂಲು ತಂದು ನನ್ನ ಹಿಂದೆ ಇಟ್ಟರು. ಗಂಡನ ಕಡೆ ತಿರುಗಿ ಅಂಗೈ ತಿರುವಿದರು.

‘ಬೇಡ ಕಣೆ’ ಎಂದರು ಮೇಷ್ಟ್ರು. ‘ಇವಳಿಗೆ ಹೇಳ್ತೀನಿ. ಇವಳ ಮಾತನ್ನೇ ನಾನು ನುಂಗಿರೋದು.’

ಮೊರದಲ್ಲಿದ್ದ ಕಾಯಿ ಪೂರ್ತಿ ಬಿಡಿಸಿದ ಮೇಲೆ ಶುರು ಮಾಡಿದರು. ಅವರು ಹುಡುಗನಾಗಿದ್ದಾಗ ಅವರ ಅಪ್ಪ ಒಂದು ದಿನ ಟ್ರಂಕು ಹಿಡಿದು ಹೊರಟರಂತೆ. ಅಮ್ಮ ಬಸ್ ನಿಲ್ದಾಣದ ತನಕ ಹೋದಳು, ಮಗನ ಕೈ ಹಿಡಿದುಕೊಂಡು. ಗೋಡೆಯ ಬರಹದ ಎದುರಿಗೇ ಇದ್ದಳು. ಆದರೂ ಬಸ್ಸು ಹೊರಡುವಾಗ ಕೇಳಿಬಿಟ್ಟಳು, ಯಾವಾಗ ಬರುತ್ತೀರೆಂದು. ಕಿಟಕಿಯ ಪಕ್ಕ ಕೂತಿದ್ದ ಅಪ್ಪ ಕೇಳಿಸಿಕೊಂಡರು. ಗೊತ್ತಿಲ್ಲ ಎಂದೂ ಅನ್ನಲಿಲ್ಲ. ಬಸ್ಸು ಹೋಯಿತು.

‘ಜನ ಒಳ್ಳೆಯೋರು. ಕೊಡೆ ತಂದ್ರು, ಅನ್ನ ತಂದ್ರು, ಸುತ್ತ ಸೀರೆ ಕಟ್ಟಿ ಮರೆ ಮಾಡಿದ್ರು. ಅಮ್ಮನ ಕಾಲು ಊದಿ ಕುಂಬಳಕಾಯಿ ಆಯ್ತು. ನಾನು ಪಕ್ಕದಲ್ಲೇ ಕೂತು ಆ ಕಾಲನ್ನೇ ನೋಡ್ತಿದ್ದೆ. ಹೋಗಲಿ ಬಿಡು ಅಂದುಬಿಡಮ್ಮ, ಹೋಗಲಿ ಬಿಡು ಅಂದುಬಿಡಮ್ಮ ಅಂತ ಅಳೋಕೆ ಶುರು ಮಾಡಿದೆ. ಅವಳಿಗೆ ಇಷ್ಟ ಇರಲಿಲ್ಲ. ನನಗೋಸ್ಕರ ಅಂದಳು. ಮನೆಗೆ ಬಂದ್ವಿ.’

ಮಾಲಿನಮ್ಮ ಬಾಗಿಲಿಗೆ ಒರಗಿ ಕೇಳುತ್ತಿದ್ದರು. ಅವರಿಗೂ ಇದು ಹೊಸದು ಎಂದು ಮುಖ ಹೇಳುತ್ತಿತ್ತು.

‘ಅಮ್ಮನ್ನ ಉಳಿಸಿದೆ ಅಂತ ಅಂದ್ಕೊಂಡಿದ್ದೆ. ದೊಡ್ಡೋನಾಗೋ ತನಕ ಹಾಗೇ ಅಂದ್ಕೊಂಡಿದ್ದೆ. ಆಮೇಲೆ ಅನ್ನಿಸ್ತು, ಅವಳ ಹತ್ರ ಇದ್ದಿದ್ದೇ ಅದೊಂದು ಪ್ರಶ್ನೆ. ಅದನ್ನೂ ನಾನೇ ಕೈಯಿಂದ ಬಿಡಿಸಿಬಿಟ್ಟೆ. ಅವಳು ಮತ್ತೆ ಯಾರನ್ನೂ ಏನೂ ಕೇಳಲಿಲ್ಲ, ಮಗಾ. ಉಪ್ಪು ಸಾಕಾ ಅಂತ ಕೂಡ.’ ಮೇಷ್ಟ್ರು ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. ‘ನೀಲಾಂಬಿಕೆ ಮಂಡಿ ನಡುಗಿತಲ್ಲ, ಆಗ ನನಗೆ ಕ್ಲಾಸೂ ಕಾಣಲಿಲ್ಲ, ನೀನೂ ಕಾಣಲಿಲ್ಲ. ಕಾಲು ಕಾಣಿಸ್ತು, ಅಷ್ಟೇ. ಕೈ ಎದ್ದುಬಿಡ್ತು.’

ನನ್ನ ಕಾಲು ಬಿಟ್ಟಿತು. ನಾನು ಸ್ಟೂಲಿನ ಮೇಲೆ ಕೂತೆ. ‘ಇದನ್ನ ನೀಲಕ್ಕನಿಗೆ ಹೇಳ್ಬೇಕು ಸಾರ್’ ಎಂದೆ. ‘ಅವಳು ಮತ್ತೆ ಕೇಳೋ ಹಾಗಿಲ್ಲ. ನೀವಾಗೇ ಹೇಳ್ಬೇಕು.’

‘ಹೇಳ್ಬೇಕು’ ಎಂದರು.

ಮುಂದಿನ ವಾರ ನಾನೇ ಅವರನ್ನು ಕರೆದುಕೊಂಡು ಹೋದೆ. ಮಾಲಿನಮ್ಮ ಒಂದು ಡಬ್ಬಿ ರಾಗಿ ಕೊಟ್ಟರು, ನೆಪಕ್ಕೆ. ಗಿರಣಿ ಗುಡುಗುತ್ತಿತ್ತು. ನಮ್ಮೂರಿನಲ್ಲಿ ಜನ ಮನಸ್ಸಿಗೆ ಬಂದಂತೆ ಮಾತಾಡುವ ಜಾಗ ಅದೊಂದೇ. ಆ ಸದ್ದಿನಲ್ಲಿ ಪ್ರಶ್ನೆ ಕೇಳಿದವರಿಗೇ ತಮ್ಮ ಮಾತು ಕೇಳಿಸುವುದಿಲ್ಲ, ಹಾಗಾಗಿ ಕಾಲೂ ಹಿಡಿಯುವುದಿಲ್ಲ. ಹೆಂಗಸರು ಕಾಳು ಹಾಕಿಸಲು ಬಂದು ಸಾಲಿನಲ್ಲಿ ನಿಂತು, ಗಂಡನನ್ನು, ಅತ್ತೆಯನ್ನು, ದೇವರನ್ನು ಕೇಳಬೇಕಾದ್ದನ್ನೆಲ್ಲ ಬಾಯಿ ತುಂಬ ಕೇಳಿ ಹೋಗುತ್ತಿದ್ದರು. ನೀಲಕ್ಕ ತಕ್ಕಡಿಯ ಹಿಂದೆ ನಿಂತಿದ್ದಳು. ರೆಪ್ಪೆಯ ಮೇಲೂ ಹಿಟ್ಟು. ಮೇಷ್ಟ್ರನ್ನು ಕಂಡು ಒಂದು ಕ್ಷಣ ಅವಳ ಕೈ ತೂಕದ ಬಟ್ಟಿನ ಮೇಲೆ ನಿಂತಿತು. ಆಮೇಲೆ ಡಬ್ಬಿ ತೆಗೆದುಕೊಂಡಳು.

ಆಗ ಕರೆಂಟು ಹೋಯಿತು.

ಕಲ್ಲುಗಳು ನಿಧಾನವಾಗಿ ತಿರುಗಿ ನಿಂತವು. ಗಿರಣಿಯೊಳಗಿದ್ದ ಎಲ್ಲರೂ ಮಾತು ನಿಲ್ಲಿಸಿ ಬಾಯಿ ಮುಚ್ಚಿಕೊಂಡರು. ಹಿಟ್ಟಿನ ಧೂಳು ಬಾಗಿಲ ಬೆಳಕಿನಲ್ಲಿ ಇಳಿಯುತ್ತಿತ್ತು. ನನಗೆ ಗುರುತಾಯಿತು, ಕ್ಲಾಸಿನಲ್ಲಿ ನಾನು ಕೇಳಿದ್ದ ಮೌನ ಅದು. ನೀಲಕ್ಕ ಮೇಷ್ಟ್ರ ಎದುರಿಗೆ ನಿಂತಿದ್ದಳು, ಎರಡೂ ಕಾಲು ಸಮನಾಗಿ ಊರಿ. ಕಾಲು ಹಿಡಿದಿರಲಿಲ್ಲ, ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಹೋಗಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದರು. ಶಲ್ಯದ ಅಂಚಿನಿಂದ ಒರೆಸಿದರು. ಹಾಕಿಕೊಂಡು ಅವಳ ಮುಖ ನೋಡಿದರು, ಕಾಲು ನೋಡಿದರು. ನಾನು ಅವರ ಮುಖ ನೋಡಲಿಲ್ಲ. ನನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

‘ರಾಗಿ ಹಸನು ಮಾಡಿಯೇ ತಂದಿದೀನಮ್ಮ. ನುಣ್ಣಗೆ ಬೀಸು’ ಎಂದರು.

‘ಆಗ್ಲಿ ಸಾರ್’ ಎಂದಳು ನೀಲಕ್ಕ. ಇನ್ನೂ ಸ್ವಲ್ಪ ಹೊತ್ತು ನಿಂತಳು. ಕರೆಂಟು ಬಂತು, ಕಲ್ಲು ತಿರುಗಿತು, ಹೆಂಗಸರು ಮತ್ತೆ ಬಾಯಿ ತೆರೆದರು. ಅವಳು ಅತ್ತ ತಿರುಗಿ ರಾಗಿ ಸುರಿದಳು.

ಹಿಟ್ಟು ಬೆಚ್ಚಗಿತ್ತು. ಡಬ್ಬಿಯನ್ನು ಎದೆಗೆ ಅವಚಿಕೊಂಡು ಮೇಷ್ಟ್ರು ಮನೆಯ ತನಕ ನಡೆದರು. ಮುಂದಿನ ಮಳೆಗಾಲ ಅವರು ತೀರಿಕೊಂಡರು. ಅಂದು ವರಾಂಡದಲ್ಲಿ ತಮಗೆ ಉತ್ತರ ಗೊತ್ತಿತ್ತು ಎಂದು ಅವರು ನೀಲಾಂಬಿಕೆಗೆ ಕೊನೆಗೂ ಹೇಳಲಿಲ್ಲ.